ಎಲ್ಲಾ ಚಲೋ ಐತಿ, ನಮ್ಮೂರ ಎಲ್ಲೈತಿ?

ಕಳೆದ ಭಾನುವಾರ ಅಪ್ಪನಿಗೆ ಒಂದು ನಕ್ಷೆ ವಾಟ್ಸಾಪ್ ಮಾಡಿದೆ. ಕರ್ನಾಟಕದ ಜಿಲ್ಲಾವಾರು ಮಳೆಯ ನಕ್ಷೆ. ಡಿಸೈನ್ ಕಾಲೇಜಿನಲ್ಲಿ ಡೇಟಾ ವಿಶುವಲೈಸೇಶನ್, ಅಂದರೆ ಅಂಕಿಅಂಶಗಳನ್ನು ಚಿತ್ರವಾಗಿಸುವ ಕೋರ್ಸಿಗೆ ನಿದ್ದೆಗೆಟ್ಟು ಮಾಡಿದ್ದು. ತೆಳು ಹಳದಿಯಿಂದ ಕಡು ನೀಲಿಯವರೆಗೆ ಐದು ಬಣ್ಣ, ಕೆಳಗೆ ಬಲಗಡೆ ಯಾವ ಬಣ್ಣಕ್ಕೆ ಎಷ್ಟು ಮಳೆ ಅಂತ ಹೇಳುವ ಅಚ್ಚುಕಟ್ಟಾದ ಲೆಜೆಂಡ್. ನೀಲಿ ಟಿಕ್ ಬಿದ್ದ ಕೂಡಲೇ ಫೋನ್ ಬಂತು.

“ಎಲ್ಲಾ ಚಲೋ ಐತಿ ತಮ್ಮಾ. ನಮ್ಮೂರ ಎಲ್ಲೈತಿ?”

“ಅಪ್ಪಾ, ಇದು ಜಿಲ್ಲಾ ನಕ್ಷೆ. ಇದರಾಗ ಊರ ಬರೂದಿಲ್ಲ. ಬಾಗಲಕೋಟಿ ಜಿಲ್ಲಾ ತೆಳು ಹಳದಿ ಐತಿ ನೋಡ್ರಿ.”

“ಹಳದಿ ಕಾಣಾಕತ್ತೈತಿ. ಊರ ಎಲ್ಲೈತಿ?”

ಈ ಪ್ರಶ್ನೆ ಹೊಸದಲ್ಲ. ಈ ಕೋರ್ಸ್ ಶುರುವಾದಾಗಿನಿಂದ ಏನು ಕಳಿಸಿದರೂ ಅಪ್ಪನದು ಇದೊಂದೇ. ಜಗತ್ತಿನ ಭೂಪಟ ಕಳಿಸಿದರೂ ಇದೇ. ಬೆಂಗಳೂರಿನ ಮೆಟ್ರೋ ನಕ್ಷೆ ಕಳಿಸಿದಾಗ ಬಚಾವಾದೆ ಅಂದುಕೊಂಡಿದ್ದೆ. “ನಿನ್ನ ರೂಮ್ ಎಲ್ಲೈತಿ?” ಅಂದರು. ಸುಮ್ನೆ ಒಂದು ಬಾರ್ ಚಾರ್ಟ್ ಕಳಿಸಿ ನೋಡಿದೆ. “ಇದರಾಗ ನಮ್ಮ ಕಂಬ ಯಾವುದು?”

ಅವರು ನಕ್ಷೆ ನೋಡುವ ರೀತಿಯೇ ಬೇರೆ. ಕನ್ನಡಕ ಹಣೆಗೆ ಏರುತ್ತದೆ. ಫೋನ್ ಮೂಗಿನ ಹತ್ತಿರ ಬರುತ್ತದೆ. ಎರಡು ಬೆರಳಿಟ್ಟು ಹಿಗ್ಗಿಸುತ್ತಾರೆ, ಹಿಗ್ಗಿಸುತ್ತಾರೆ, ಚಿತ್ರ ಚೌಕ ಚೌಕವಾಗಿ ಒಡೆಯುವವರೆಗೆ ಹಿಗ್ಗಿಸುತ್ತಾರೆ. ಭಾನುವಾರ ಹಾಗೆ ಹಿಗ್ಗಿಸಿ ಅದರ ಸ್ಕ್ರೀನ್‌ಶಾಟ್ ತೆಗೆದು ನನಗೇ ವಾಪಸ್ ಕಳಿಸಿದರು. ಪರದೆ ತುಂಬ ಬರೀ ತೆಳು ಹಳದಿ. ಗೆರೆ ಇಲ್ಲ, ಅಕ್ಷರ ಇಲ್ಲ. ಕೆಳಗೆ ಬರೆದಿದ್ದರು: “ಇಲ್ಲೇನು?”

ಇದಕ್ಕೆ ಏನಂತ ಉತ್ತರ ಕೊಡುವುದು? “ಹೌದು” ಅಂದೆ. ಇರಲೂಬಹುದು.

ಆ ಹಳದಿ ಬರಲು ನಾನು ಪಟ್ಟ ಪಾಡು ಯಾರಿಗೂ ಬೇಡ. ನಕ್ಷೆ ಮಾಡಲು ಕ್ಯೂಜಿಐಎಸ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದಕ್ಕೆ ಹಾಕಲು ಜಿಲ್ಲೆಗಳ ಗಡಿ ಇರುವ ಶೇಪ್‌ಫೈಲ್ ಬೇಕು. ಹೆಸರಿಗೆ ಒಂದು ಫೈಲ್, ನಿಜಕ್ಕೂ ಅದೊಂದು ಕೂಡುಕುಟುಂಬ. ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್ ಮೂರೂ ಒಟ್ಟಿಗೆ ಇರಬೇಕು, ಒಬ್ಬರು ಬರದಿದ್ದರೂ ಕೆಲಸ ಕೆಟ್ಟಿತು. ನಮ್ಮ ಗ್ರೂಪಿನ ಹುಡುಗ ಅದರಲ್ಲಿ ಒಂದನ್ನೇ ಕಳಿಸಿ “ಕಳಿಸಿದೀನಿ ಬ್ರೋ” ಅಂತ ಮಲಗಿಬಿಡುತ್ತಾನೆ. ಇದೇ ಹುಡುಗ ಮಳೆ ಮಾಪನ ಕೇಂದ್ರಗಳ ಪಟ್ಟಿಯಲ್ಲಿ ಅಕ್ಷಾಂಶದ ಜಾಗಕ್ಕೆ ರೇಖಾಂಶ ಹಾಕಿದ್ದ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ, 77.6 ಡಿಗ್ರಿ ಪೂರ್ವ. ತಿರುಗಾಮುರುಗಾ ಮಾಡಿದರೆ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕ, ಉತ್ತರ ಧ್ರುವದ ಕಡೆಯ ಸಮುದ್ರಕ್ಕೆ ಬೀಳುತ್ತದೆ. ಅಲ್ಲಿಗೂ ಟ್ರಾಫಿಕ್ ಹೋಗಿರುತ್ತೆ ಬಿಡಿ.

ಇನ್ನು ಜಿಲ್ಲೆಗಳ ಲೆಕ್ಕ. ಇಂಟರ್ನೆಟ್‌ನಲ್ಲಿ ಸಿಕ್ಕ ಒಂದು ಫೈಲಿನಲ್ಲಿ 27 ಜಿಲ್ಲೆ, ಇನ್ನೊಂದರಲ್ಲಿ 30. ವಿಜಯನಗರ 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ 31 ಆಯಿತು ಅನ್ನುವ ಸುದ್ದಿ ಆ ಫೈಲಿಗೆ ಇನ್ನೂ ಮುಟ್ಟಿಲ್ಲ. ಮತ್ತೊಂದು 20 ಜಿಲ್ಲೆಗಳ ಕಾಲದ್ದು. ಅದರಲ್ಲಿ ಬಾಗಲಕೋಟೆಯೇ ಇಲ್ಲ, ಬಿಜಾಪುರದ ಹೊಟ್ಟೆಯೊಳಗಿದೆ. 1997ರಲ್ಲಿ ಏಳು ಹೊಸ ಜಿಲ್ಲೆ ಆದಾಗ ತಾನೇ ನಮ್ಮದು ಹೊರಬಂದದ್ದು! ಆ ನಕ್ಷೆಯನ್ನು ಅಪ್ಪನಿಗೆ ಕಳಿಸಿದ್ದರೆ ಮುಂದಿನ ಸೆಮಿಸ್ಟರ್ ಫೀಸ್ ಬರುತ್ತಿರಲಿಲ್ಲ.

ಗಡಿ ಸಿಕ್ಕಿತು ಅಂದುಕೊಳ್ಳಿ, ಹೆಸರು ಕೂಡುವುದಿಲ್ಲ. ನಕ್ಷೆಯಲ್ಲಿ ಬಿಜಾಪುರ, ಗುಲ್ಬರ್ಗಾ. ಮಳೆಯ ಪಟ್ಟಿಯಲ್ಲಿ ವಿಜಯಪುರ, ಕಲಬುರಗಿ. 2014ರಲ್ಲಿ ಹೆಸರು ಬದಲಾದದ್ದು ಸಾಫ್ಟ್‌ವೇರಿಗೆ ಯಾರು ಹೇಳಬೇಕು? ಅದು ಮುಖ ತಿರುಗಿಸಿಕೊಂಡು ಆ ಜಿಲ್ಲೆಗಳನ್ನು ಬೆಳ್ಳಗೆ ಬಿಡುತ್ತದೆ. ಒಂದೊಂದನ್ನೇ ಕೈಯಿಂದ ತಿದ್ದಬೇಕು.

ಆಮೇಲೆ ಬಣ್ಣ ಹಂಚುವ ರಾಮಾಯಣ. ಉಡುಪಿ ಕಡೆ ವರ್ಷಕ್ಕೆ 4000 ಮಿಲಿಮೀಟರ್ ದಾಟುವ ಮಳೆ. ನಮ್ಮ ಕಡೆ 600ರ ಆಸುಪಾಸು. ಅಂತರವನ್ನು ಸಮನಾಗಿ ಐದು ಭಾಗ ಮಾಡಿದರೆ ಕಡು ಬಣ್ಣವನ್ನೆಲ್ಲ ಕರಾವಳಿಯವರೇ ಬಾಚಿಕೊಳ್ಳುತ್ತಾರೆ. ಬೀದರ್‌ನಿಂದ ಚಾಮರಾಜನಗರದವರೆಗೆ ಬಯಲುಸೀಮೆಗೆಲ್ಲ ಒಂದೇ ಹಳದಿ. ಪ್ರತಿ ಬಣ್ಣಕ್ಕೂ ಸಮ ಸಂಖ್ಯೆಯ ಜಿಲ್ಲೆ ಬರುವ ಹಾಗೆ ಹಂಚಿದರೆ ಅದೇ ಮಳೆ, ಅದೇ ಅಂಕಿ, ಆದರೆ ಅರ್ಧ ರಾಜ್ಯ ಮಲೆನಾಡಿನ ಹಾಗೆ ಹಸಿರಾಗಿಬಿಡುತ್ತದೆ. ಜೆಂಕ್ಸ್ ಅನ್ನುವ ಅಮೆರಿಕದ ನಕ್ಷೆಗಾರ ಇದಕ್ಕೊಂದು ದಾರಿ ಹೇಳಿದ್ದಾರೆ. ಒಂದಕ್ಕೊಂದು ಹತ್ತಿರ ಇರುವ ಅಂಕಿಗಳನ್ನು ಒಟ್ಟಿಗೆ ಕೂರಿಸಿ, ದೊಡ್ಡ ಅಂತರ ಕಂಡ ಕಡೆ ಕತ್ತರಿಸಿ ಅಂತ. ನಾನು ಅದನ್ನೇ ಹಿಡಿದೆ. ಕ್ಲಾಸಿನಲ್ಲಿ ಇದರ ಮೇಲೆ ಗಂಟೆಗಟ್ಟಲೆ ವಾದ ಆಗಿದೆ. ಅಪ್ಪ ಮಾತ್ರ, “ಅವರು ಅಷ್ಟು ನೀಲಿ, ನಾವು ಇಷ್ಟು ಹಳದಿ. ನಮ್ಮೂರಾಗ ಮಳೀನ ಆಗೂದಿಲ್ಲಂತೇನು?” ಅಂದರು.

ಮೊದಲ ಕ್ಲಾಸಿನಲ್ಲೇ ಜಾನ್ ಸ್ನೋ ಅವರ ನಕ್ಷೆ ತೋರಿಸಿದ್ದರು. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದಾಗ ಸತ್ತವರ ಮನೆಗಳ ಮುಂದೆ ಒಂದೊಂದು ಕರಿ ಗೆರೆ ಹಾಕಿ, ಬ್ರಾಡ್ ಸ್ಟ್ರೀಟಿನ ಕುಡಿಯುವ ನೀರಿನ ಪಂಪಿನ ಸುತ್ತ ಗೆರೆ ಗುಡ್ಡೆ ಬಿದ್ದಿರುವುದನ್ನು ತೋರಿಸಿದ ವೈದ್ಯ. ಇಡೀ ಕ್ಲಾಸ್ ತಲೆದೂಗಿತ್ತು. ಈಗ ನನಗೊಂದು ಅನುಮಾನ. ಆ ಬೀದಿಯ ಜನ ಆ ನಕ್ಷೆ ಕೈಗೆ ಸಿಕ್ಕಿದ್ದರೆ ಪಂಪ್ ನೋಡುತ್ತಿದ್ದರಾ? ಮೊದಲು ತಮ್ಮ ಮನೆಯನ್ನೇ ಹುಡುಕುತ್ತಿದ್ದರು.

ಕಡೆಗೆ ಅಪ್ಪನ ಕಾಟ ತಡೆಯಲಾರದೆ ಜಿಲ್ಲೆಯದ್ದೇ ಒಂದು ನಕ್ಷೆ ಮಾಡಿದೆ. ಘಟಪ್ರಭಾ, ಆಲಮಟ್ಟಿಯ ಹಿನ್ನೀರು, ರಸ್ತೆ, ಮುಳುಗಡೆಯಾದವರಿಗೆ ಕಟ್ಟಿದ ನವನಗರ ಸೆಕ್ಟರ್ ನಂಬರ್ ಸಮೇತ, ಎಲ್ಲಾ ಇತ್ತು. ಇನ್ನಾದರೂ ಬಾಯಿ ಮುಚ್ಚುತ್ತಾರೆ ಅಂದುಕೊಂಡೆ. ಫೋನ್ ಬರಲಿಲ್ಲ. ನಾನೇ ಮಾಡಿದೆ. ಅವರು ಹುಟ್ಟಿ ಬೆಳೆದ ಮನೆ ನವನಗರದಲ್ಲಿಲ್ಲ. ಅದಿದ್ದ ಓಣಿ ಹಳೇ ಊರಿನ ಜೊತೆ ಹಿನ್ನೀರಿಗೆ ಹೋಯಿತು. ನನ್ನ ನಕ್ಷೆಯಲ್ಲಿ ಅದು ಒಂದು ನೀಲಿ ತುಂಡು. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು:

“ಈ ನೀಲಿ ಯಾವ ತಿಂಗಳದ್ದು?”

“ಅಂದ್ರ?”

“ಬ್ಯಾಸಿಗ್ಯಾಗ ನೀರ ಹಿಂದ ಸರೀತೈತಿ. ಇಷ್ಟು ಇರೂದಿಲ್ಲ. ನೀ ತುಂಬಿದಾಗಿನ ನೀರ ತಗದಿ.”

ನಿಜ. ಜಲಾಶಯ ಪೂರ್ತಿ ತುಂಬಿ ನೀರು ಸಮುದ್ರ ಮಟ್ಟದಿಂದ 519.6 ಮೀಟರ್ ಮುಟ್ಟಿದಾಗಿನ ನೀಲಿ ಅದು. ವರ್ಷವಿಡೀ ಹಾಗಿರುವುದಿಲ್ಲ. ಯಾವ ತಿಂಗಳ ನೀರು ಅಂತ ಲೆಜೆಂಡಿನಲ್ಲಿ ಬರೆಯಬೇಕಿತ್ತಲ್ವಾ ಅಂತ ನಮ್ಮ ಕ್ಲಾಸಿನಲ್ಲಿ ಒಬ್ಬರೂ ಕೇಳಿರಲಿಲ್ಲ, ಮೇಷ್ಟ್ರೂ ಸೇರಿ. ಅಪ್ಪನಿಗೆ ಅದನ್ನು ಹೇಳಲಿಲ್ಲ. ಹೇಳಿದರೆ ನಮ್ಮ ಕೆಲಸ ನೋಡಿ ಅಂಕ ಹಾಕುವ ಜ್ಯೂರಿಗೇ ಬಂದು ಕೂರುತ್ತಾರೆ.

ಜ್ಯೂರಿ ಮೊನ್ನೆ ಆಯಿತು. ಹೊರಗಿನಿಂದ ಒಬ್ಬ ದೊಡ್ಡ ಡಿಸೈನರ್ ಬಂದಿದ್ದರು. ಕಪ್ಪು ಅಂಗಿ, ದುಂಡು ಕನ್ನಡಕ. ಕಣ್ಣು ಮೊದಲು ಎಲ್ಲಿಗೆ ಹೋಗಬೇಕು, ಖಾಲಿ ಜಾಗ ಹೇಗೆ ಮಾತಾಡಬೇಕು, ಪೈ ಚಾರ್ಟ್ ಯಾಕೆ ಪಾಪದ ಕೆಲಸ, ಎಲ್ಲಾ ವಿವರವಾಗಿ ಹೇಳಿದರು. ನನ್ನ ಎದೆ ತುಂಬಿ ಬಂತು. ಅಂತೂ ನಕ್ಷೆ ಓದಲು ಬರುವ ಒಬ್ಬರು ಸಿಕ್ಕರು! ಅವರು ಎದ್ದು ನನ್ನ ಶೀಟಿನ ಹತ್ತಿರ ಬಂದರು. ಜೆಂಕ್ಸ್ ಬಗ್ಗೆ ಕೇಳುತ್ತಾರೆ ಅಂತ ಉತ್ತರ ರೆಡಿ ಇಟ್ಟುಕೊಂಡೆ. ಕನ್ನಡಕ ಹಣೆಗೆ ಏರಿತು. ಬೆರಳು ಕರಾವಳಿಯ ಕಡು ನೀಲಿಯ ಮೇಲೆ ಬಂತು.

“ಕುಂದಾಪುರ ಇಲ್ಲೇ ಬರುತ್ತಲ್ವಾ?”

“ಇನ್ನು ಸ್ವಲ್ಪ ಮೇಲೆ ಸರ್.”

“ಹಾಕಿಲ್ವಲ್ಲ.”

ಅಷ್ಟೇ ಸಾಕಾಯಿತು. ನಮ್ಮ ಮೇಷ್ಟ್ರು ಎದ್ದು ಬಂದು ತೀರ್ಥಹಳ್ಳಿ ಹುಡುಕಿದರು. ಹಿಂದಿನ ಬೆಂಚಿನಿಂದ ಯಾರೋ “ಸಿಂಧನೂರೂ ಇಲ್ಲ ಸರ್” ಅಂದರು. ಅಂಕಪಟ್ಟಿಯಲ್ಲಿ ಬರೆದದ್ದು: “ಬಣ್ಣ ಚೆನ್ನಾಗಿದೆ. ಊರಿನ ಹೆಸರುಗಳಿಲ್ಲ. ಸೇರಿಸಿ ಮತ್ತೆ ಸಲ್ಲಿಸಿ.”

ಸೇರಿಸಿದೆ. ಕುಂದಾಪುರ ಉಡುಪಿಯ ಮೇಲೆ ಹತ್ತಿಕೊಂಡಿತು, ತೀರ್ಥಹಳ್ಳಿ ಶಿವಮೊಗ್ಗವನ್ನು ತಳ್ಳಿತು, ಐದು ಬಣ್ಣ ಅಕ್ಷರದ ಅಡಿಗೆ ಸೇರಿತು. ನಿನ್ನೆ ಸಂಜೆ ಎ1 ಅಳತೆಯ ಪ್ರಿಂಟ್ ಹಾಕಿಸಲು ಹೋದೆ. ಅಂಗಡಿಯ ಹುಡುಗ ಮೆಷಿನ್‌ನಿಂದ ಹಾಳೆ ಎಳೆದು, ಮೇಜಿನ ಮೇಲೆ ಹರಡಿ, ಮೇಲಿಂದ ಕೆಳಗೆ ಒಮ್ಮೆ ನೋಡಿದ.

“ಏನಣ್ಣಾ, ಮುಳಬಾಗಿಲು ಬಿಟ್ಟುಬಿಟ್ಟಿದೀರ?”