ಒಗೆಯದ ಶಾಲು

ಅಜ್ಜಿ ಮೇಲೆ ಒಂದು ಕವಿತೆ ಬರೆದಿದ್ದೆ. ಬೆಳ್ಳಿ ಕೂದಲು, ಸುಕ್ಕುಗಟ್ಟಿದ ಕೆನ್ನೆ, ಬೊಚ್ಚುಬಾಯಿಯ ನಗು, ಎಲ್ಲವೂ ಇತ್ತು ಅದರಲ್ಲಿ. ಓದಿದಾಗ ಚಪ್ಪಾಳೆಯೂ ಬಿತ್ತು. ಮನೆಗೆ ಬಂದ ಮೇಲೆ ತಂಗಿ ಕೇಳಿದಳು: "ಚೆನ್ನಾಗಿದೆ ಕಣೋ. ಆದ್ರೆ ಇದು ಯಾರಜ್ಜಿ?"

ಸಿಟ್ಟು ಬಂತು. ಆಮೇಲೆ ನಾಲ್ಕು ದಿನ ಅದೇ ಮಾತು ಕೊರೆಯಿತು. ನಮ್ಮ ಅಜ್ಜಿಗೆ ಕೊನೆಯವರೆಗೂ ಹಲ್ಲು ಗಟ್ಟಿಯಾಗಿಯೇ ಇದ್ದವು! ಹಾಗಾದರೆ ಆ ಬೊಚ್ಚುಬಾಯಿ ಎಲ್ಲಿಂದ ಬಂತು? ಬೇರೆ ಕವಿತೆಗಳ ಅಜ್ಜಿಯರಿಂದ ಬಂತು. ನಾವು ಕವಿಗಳು ಅಜ್ಜಿ ಅಂದ ಕೂಡಲೇ ಕಥೆಯ ಅಡಗೂಲಜ್ಜಿಯನ್ನು ಕರೆತಂದು ಕೂರಿಸಿಬಿಡುತ್ತೇವೆ.

ತಪ್ಪು ಕಣ್ಣಿನದು ಅಂತ ನನ್ನ ಗುಮಾನಿ. ಕಣ್ಣಿನ ನೆನಪಿಗೆ ಫೋಟೋ ಬಂದು ಕಲಬೆರಕೆಯಾಗುತ್ತದೆ. ನಾನು ನೆನೆಯುವ ಅಜ್ಜಿಯ ಮುಖ ಈಗ ಗೋಡೆಯ ಮೇಲಿನ ಫೋಟೋದ ಮುಖವೇ. ಆದರೆ ಬೆರಳಿಗೆ ಯಾರೂ ಫೋಟೋ ತೆಗೆದುಕೊಟ್ಟಿಲ್ಲ, ಮೂಗಿಗೂ ಇಲ್ಲ. ಅಲ್ಲಿ ಉಳಿದಿರುವ ಅಜ್ಜಿ ಅಸಲಿ.

ನನ್ನ ಬೆರಳಲ್ಲಿ ಉಳಿದಿರುವುದು ಅವಳ ಮುಂಗೈ. ಪಕ್ಕದಲ್ಲಿ ಮಲಗಿ ಆ ಚರ್ಮವನ್ನು ಮೆಲ್ಲಗೆ ಚಿವುಟಿ ಎತ್ತುತ್ತಿದ್ದೆ. ಬಿಟ್ಟರೆ ಅದು ಹಾಗೇ ಏರಿ ನಿಲ್ಲುತ್ತಿತ್ತು, ಪುಟ್ಟ ಗುಡ್ಡದ ಹಾಗೆ. ನಿಧಾನವಾಗಿ ಇಳಿಯುತ್ತಿತ್ತು. ನನ್ನ ಕೈಯದು ಚಟ್ಟನೆ ಸಮವಾಗುತ್ತಿತ್ತು, ಅದರಲ್ಲಿ ಮಜಾ ಇರಲಿಲ್ಲ. ವಯಸ್ಸಾದಂತೆ ಚರ್ಮದೊಳಗಿನ ಎಲಾಸ್ಟಿನ್ ಎಂಬ ಹಿಗ್ಗಿ ಕುಗ್ಗುವ ನಾರು ಸವೆದು ಹೀಗಾಗುತ್ತದೆ ಅಂತ ಬಹಳ ವರ್ಷಗಳ ಮೇಲೆ ಓದಿದೆ. ಆಗ ನನಗೆ ಅದು ಆಟ. ಅವಳಿಗೆ ನೋಯುತ್ತಿತ್ತೋ ಏನೋ, ಒಂದು ದಿನವೂ ಕೈ ಎಳೆದುಕೊಳ್ಳಲಿಲ್ಲ.

ಇನ್ನೊಂದು, ಸೂಜಿ. ದಾರದ ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿ, ಬೆಳಕಿಗೆ ಹಿಡಿದು, ಮೂರು ಸಲ ತಪ್ಪಿ, ಕೊನೆಗೆ "ಬಾರೋ ಮಗಾ, ನಿನ್ನ ಕಣ್ಣು ಕೊಡು" ಅನ್ನುತ್ತಿದ್ದಳು. ಆ ದಾರದ ತುದಿ ನನ್ನ ಕೈಗೆ ಬರುವಾಗ ತಣ್ಣಗೆ ಒದ್ದೆಯಾಗಿರುತ್ತಿತ್ತು. ಈಗ ನನಗೂ ನಲವತ್ತು ದಾಟಿದೆ. ಮೊನ್ನೆ ಗುಂಡಿ ಹೊಲಿಯಲು ಕೂತಾಗ ಸೂಜಿಯನ್ನು ದೂರ ದೂರ ಹಿಡಿದೆ. ಅವಳ ಕಣ್ಣು ನನಗೆ ಬಂದಿದೆ ಅನ್ನಿ.

ವಾಸನೆಯ ವಿಷಯಕ್ಕೆ ಬರುತ್ತೇನೆ, ಇಷ್ಟು ಬರೆದದ್ದೇ ಅದಕ್ಕಾಗಿ. ಕವಿತೆಯ ಅವಮಾನದ ನಂತರ ಅಜ್ಜಿಯ ಪೆಟ್ಟಿಗೆ ತೆಗೆದೆ. ಅವಳ ಉಣ್ಣೆ ಶಾಲು ಇತ್ತು. ಮೊದಲು ಬಂದದ್ದು ನುಸಿಗುಳಿಗೆಯ ಘಾಟು. ಗುಳಿಗೆಗಳು ಸವೆದು ಕಾಳಿನಷ್ಟಾಗಿದ್ದವು. ಆ ಗುಳಿಗೆಯ ನ್ಯಾಫ್ತಲೀನ್ ನೀರಾಗದೆ ನೇರ ಆವಿಯಾಗುತ್ತದಲ್ವಾ, ಕಲೆಯೂ ಉಳಿದಿರಲಿಲ್ಲ. ಆ ಘಾಟಿನ ಅಡಿಯಿಂದ ಇನ್ನೊಂದು ವಾಸನೆ ಎದ್ದಿತು. ನೋವಿನ ಮುಲಾಮು, ಬಿಸಿಲಿಗೆ ಹಾಕಿದ ಹಳೆ ಬಟ್ಟೆ, ಜೊತೆಗೆ ಸ್ವಲ್ಪ ಕಮಟು. ಹೌದು, ಕಮಟು. ಪರಿಮಳ ಅಂತ ಬರೆದರೆ ಸುಳ್ಳಾಗುತ್ತದೆ. ಆ ಕ್ಷಣಕ್ಕೆ ನನಗೆ ಆರು ವರ್ಷ, ಜ್ವರ, ಮುಖ ಅವಳ ತೋಳಿನೊಳಗೆ.

ಇದಕ್ಕೆ ಕಾರಣವೂ ಇದೆ. ನೋಡಿದ್ದು, ಕೇಳಿದ್ದು, ಮುಟ್ಟಿದ್ದು ಮೆದುಳಿನಲ್ಲಿ ಥಾಲಮಸ್ ಎಂಬ ಠಾಣೆಯನ್ನು ದಾಟಿಯೇ ಮುಂದೆ ಹೋಗಬೇಕು. ವಾಸನೆಗೆ ಆ ತಪಾಸಣೆ ಇಲ್ಲ. ಭಾವನೆ ಮತ್ತು ನೆನಪಿನ ಜಾಗಗಳಿಗೆ ಅದು ಹತ್ತಿರದ ದಾರಿಯಲ್ಲಿ ನುಗ್ಗುತ್ತದೆ. ಮೂಗು ವಾಸನೆಗಳನ್ನು ಹೇಗೆ ಗುರುತಿಸುತ್ತದೆ ಎಂದು ಕಂಡುಹಿಡಿದದ್ದಕ್ಕೆ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಆದರೆ ನಮ್ಮ ಭಾಷೆಗೆ ಈ ಗುಟ್ಟು ಮೊದಲೇ ಗೊತ್ತಿತ್ತೇನೋ. ಮೂಗಿಗೆ ಬಡಿಯುವುದಕ್ಕೂ ವಾಸನೆ ಅನ್ನುತ್ತೇವೆ, ಹಿಂದಿನದು ಮನಸ್ಸಿಗೆ ಅಂಟಿಕೊಂಡು ಉಳಿಯುವುದಕ್ಕೂ ವಾಸನೆ ಅನ್ನುತ್ತೇವೆ. ಎರಡೂ ಒಂದೇ ಪದ!

ದನಿ ಮಾತ್ರ ಹೋಗಿದೆ. ಏನು ಹೇಳಿದಳು ಅನ್ನುವುದು ನೆನಪಿದೆ, ಹೇಗೆ ಕೇಳಿಸುತ್ತಿತ್ತು ಅನ್ನುವುದು ಇಲ್ಲ. ರಾತ್ರಿಯ ಕೆಮ್ಮು ಮಾತ್ರ ಈಗಲೂ ಸ್ಪಷ್ಟ. ಎರಡು ಚಿಕ್ಕದು, ಒಂದು ದೊಡ್ಡದು. ಕವಿತೆಯಲ್ಲಿ ಅದನ್ನು ಬರೆದಿರಲಿಲ್ಲ, ಚೆನ್ನಾಗಿ ಕಾಣುವುದಿಲ್ಲ ಅಂತ. ಎಂಥ ದಡ್ಡತನ.

ಕವಿತೆ ಹರಿದು ಹಾಕಿದೆ. ಹೊಸದು ಮೂರು ಸಾಲಿಗೆ ನಿಂತಿದೆ. ಶಾಲನ್ನು ಜಾಸ್ತಿ ಹೊರಗೆ ತೆಗೆಯುವುದಿಲ್ಲ. ತೆರೆದಾಗಲೆಲ್ಲ ಅವಳು ಅಷ್ಟಷ್ಟು ಗಾಳಿಗೆ ಹೋಗುತ್ತಾಳೆ ಅನಿಸುತ್ತದೆ.

ಹೋದ ವಾರ ತಂಗಿ ಬಂದಿದ್ದಳು. ಸುಮ್ನೆ ಪೆಟ್ಟಿಗೆಯ ಹತ್ತಿರ ಸುತ್ತಾಡಿದಳು. ಹೊರಡುವಾಗ, "ಒಂದೆರಡು ದಿನ ನನ್ನ ಹತ್ರ ಇರ್ಲಾ ಅದು?" ಅಂದಳು. ಕೊಟ್ಟೆ. ಬಾಗಿಲವರೆಗೂ ಹೋಗಿ ಹೇಳಿ ಬಂದೆ, ಒಗೀಬೇಡ ಅಂತ.