ಎಸೆಸೆಲ್ಸಿ ಪಟ್ಟಿ ಬಂತು, ಸಾಮಾನು ಕಟ್ಟಿ!

ಎಸೆಸೆಲ್ಸಿ ಫಲಿತಾಂಶ ಬಂದ ದಿನ ಕಲಬುರಗಿಯಲ್ಲಿ ಮಕ್ಕಳಿಗಿಂತ ಅಪ್ಪಂದಿರ ಮುಖವೇ ಜಾಸ್ತಿ ಬಾಡಿರುತ್ತದೆ. ಜಿಲ್ಲಾವಾರು ಪಟ್ಟಿಯನ್ನು ಮೇಲಿನಿಂದ ಓದುವ ಅಭ್ಯಾಸವನ್ನು ನಾವು ಬಿಟ್ಟು ಬಹಳ ಕಾಲವಾಯಿತು. ಕಣ್ಣು ಸೀದಾ ಕೊನೆಯ ಸಾಲಿಗೆ ಹೋಗುತ್ತದೆ. 2024ರಲ್ಲಿ ಉಡುಪಿ ಮೊದಲು, ಯಾದಗಿರಿ ಕೊನೆ. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ. ಕೊನೆಯ ಸ್ಥಾನವನ್ನು ನಾವು ನಾವೇ ಸರದಿ ಪ್ರಕಾರ ಹಂಚಿಕೊಳ್ಳುತ್ತೇವೆ. ಹೊರಗಿನವರಿಗೆ ಬಿಟ್ಟುಕೊಡುವುದಿಲ್ಲ. ಅಷ್ಟರ ಮಟ್ಟಿಗೆ ಒಗ್ಗಟ್ಟು ಇದೆ.

ಪಟ್ಟಿ ಬಂದ ಸಂಜೆಯೇ ಸ್ವಲ್ಪ ಕಾಸಿರುವ ಮನೆಗಳಲ್ಲಿ ಸಭೆ ಶುರುವಾಗುತ್ತದೆ. ವಿಷಯ: ಊರು ಬಿಡೋಣ. ಇದರಲ್ಲಿ ಎರಡು ಪಕ್ಷ. ಒಂದು ಬೆಂಗಳೂರಿನ ಹೊರವಲಯದ ಪಕ್ಷ, ಇನ್ನೊಂದು ಕರಾವಳಿ ಪಕ್ಷ. ಈ ಎರಡು ವರ್ಷದಲ್ಲಿ ಕರಾವಳಿಯವರ ಕೈ ಮೇಲಾಗಿದೆ. ಅವರ ವಾದ ಬಹಳ ಸರಳ. ಮೊದಲು ಬಂದ ಜಿಲ್ಲೆಗಳಿಗೆ ಸಮುದ್ರ ಇದೆ. ಕೊನೆಗೆ ಬಂದ ಜಿಲ್ಲೆಗಳಿಗೆ ಇಲ್ಲ. ಅಂದಮೇಲೆ ಗಣಿತ ಬರುವುದು ಕಡಲ ಗಾಳಿಯಿಂದಲೇ, ಅಲ್ವಾ?

ನಮ್ಮ ಓಣಿಯ ಕಾಕಾ ಒಬ್ಬರು ಈ ಪಕ್ಷದ ಕಟ್ಟಾ ಕಾರ್ಯಕರ್ತರು. ಮೊಮ್ಮಗ ಇನ್ನೂ ಏಳನೇ ಕ್ಲಾಸು. ಅವನನ್ನು ಈಗಲೇ ಸಮುದ್ರದ ಪಕ್ಕ ನೆಟ್ಟರೆ ಪಿಯುಸಿ ಹೊತ್ತಿಗೆ ಫಲ ಬಿಡುತ್ತದೆ ಅನ್ನುವುದು ಅವರ ಲೆಕ್ಕ. ಮನೆಯಲ್ಲಿ ಮೀನಿನ ಹೆಸರು ಎತ್ತಿದರೆ ಮೂಗು ಮುಚ್ಚುತ್ತಾರೆ. ಆದರೆ ಮೊಬೈಲಿನಲ್ಲಿ ಮಲ್ಪೆ ಬೀಚಿನ ಹತ್ತಿರದ ಫ್ಲ್ಯಾಟಿನ ಫೋಟೊ ತೋರಿಸುತ್ತಾ ತಿರುಗುತ್ತಾರೆ. ಮನೆಯಲ್ಲಿರುವ ಆಯಿ ಕೇಳಿದ ಪ್ರಶ್ನೆಗೆ ಮಾತ್ರ ಇವತ್ತಿನವರೆಗೂ ಉತ್ತರ ಸಿಕ್ಕಿಲ್ಲ. "ಸಮುದ್ರದ ನೀರು ಕುಡೀಲಿಕ್ಕ ಬರ್ತದೇನು? ಇಲ್ಲಲ್ಲ? ಮತ್ತ ಅದನ್ನ ನೋಡಕೋತ ಕೂತು ಏನ್ ಮಾಡೂದದ?"

ಅದಿರಲಿ, ಕಾಕಾ ಬುದ್ಧಿವಂತರು. ಊರು ಬಿಡುವ ತಯಾರಿಯಲ್ಲಿ ಮೊದಲು ಮಾಡಿದ ಕೆಲಸ ಏನು ಗೊತ್ತೇ? ನಮ್ಮ ಕಲ್ಯಾಣ ಕರ್ನಾಟಕದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡಿಸುವ ಮೊಮ್ಮಗನ 371(ಜೆ) ಪ್ರಮಾಣಪತ್ರಕ್ಕೆ ಲ್ಯಾಮಿನೇಶನ್ ಹಾಕಿಸಿದ್ದು. ಊರು ಬಿಡಬಹುದು, ಮನೆ ಮಾರಬಹುದು, ಜೋಳದ ರೊಟ್ಟಿಯನ್ನೂ ಮರೆಯಬಹುದು. ಆ ಕಾಗದ ಮಾತ್ರ ಬಿಡಬಾರದು. ಹಿಂದುಳಿದ ನಾಡಿನಲ್ಲಿ ಇರಲಾಗದಿದ್ದರೂ ಹಿಂದುಳಿದವರಾಗಿ ಉಳಿಯಬೇಕಲ್ಲ.

ಕರಾವಳಿಯೇನು ಪುಕ್ಕಟೆ ಸ್ವರ್ಗವಲ್ಲ. ನಾವು ಏಳುನೂರು ಎಂಟುನೂರು ಮಿಲಿಮೀಟರ್ ಮಳೆಗೇ "ಈ ಸಲ ಭಾಳ ಆತು" ಅನ್ನುವ ಜನ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ದಾಟುತ್ತದೆ. ಅಲ್ಲಿ ಜೂನ್‌ನಲ್ಲಿ ಒಗೆದು ಹಾಕಿದ ಬನಿಯನ್ನು ಯಾವಾಗ ಒಣಗುತ್ತದೋ ದೇವರೇ ಬಲ್ಲ. ಇಲ್ಲಿ ಹಾಗಲ್ಲ. ಬಟ್ಟೆ ಹಿಂಡುವಾಗಲೇ ಅರ್ಧ ಒಣಗಿರುತ್ತದೆ. ಈ ಅನುಕೂಲವನ್ನು ಯಾವ ಪಟ್ಟಿಯಲ್ಲೂ ಅಂಕ ಕೊಟ್ಟು ಎಣಿಸುವುದಿಲ್ಲ. ಮೇಲಾಗಿ ಉಳ್ಳಾಲದ ಕಡೆ ಸಮುದ್ರವೇ ಮನೆಯೊಳಗೆ ಬರುತ್ತದೆ. ಪ್ರತಿ ಮಳೆಗಾಲ ಕಡಲ್ಕೊರೆತ, ಪ್ರತಿ ಮಳೆಗಾಲ ದಂಡೆಗೆ ಲೋಡುಗಟ್ಟಲೆ ಕಲ್ಲು. ಸಮುದ್ರ ನುಂಗುತ್ತದೆ, ಇವರು ಮತ್ತೆ ಹಾಕುತ್ತಾರೆ.

ಕಲ್ಲಿನ ವಿಷಯಕ್ಕೆ ಬಂದರೆ ನಾವೂ ಕಡಿಮೆಯಿಲ್ಲ. ಶಹಾಬಾದ್ ಕಲ್ಲು ನಮ್ಮದೇ. ಅರ್ಧ ರಾಜ್ಯದ ಹಳೇ ಮನೆಗಳ ನೆಲಕ್ಕೆ ಹಾಸಿದ್ದು ಅದೇ. ಹಾಗಾಗಿಯೇ ಇರಬೇಕು, ನಮ್ಮಲ್ಲಿ ಅಡಿಗಲ್ಲಿಗೆ ಯಾವತ್ತೂ ಬರ ಬಂದಿಲ್ಲ. ಕಲಬುರಗಿ ರೈಲ್ವೆ ವಿಭಾಗಕ್ಕೆ 2014ರಲ್ಲಿ ಅಡಿಗಲ್ಲು ಹಾಕಿದರು. ಕಲ್ಲು ಗಟ್ಟಿ ಇದೆ. ವಿಭಾಗ ಎಲ್ಲಿ ಅಂತ ಕೇಳಬೇಡಿ. ಅವರು ಕಲ್ಲನ್ನು ನೀರಿಗೆ ಹಾಕುತ್ತಾರೆ, ನಾವು ಮಣ್ಣಿಗೆ ಹಾಕುತ್ತೇವೆ. ಕಾಣೆಯಾಗುವುದು ಎರಡು ಕಡೆಯೂ ಒಂದೇ.

ಇನ್ನು ಬೆಂಗಳೂರು ಪಕ್ಷ. ಇವರು ಭಾನುವಾರದ ಪೇಪರಿನಲ್ಲಿ ಮುಖಪುಟವನ್ನೇ ಮುಚ್ಚುವ ಸೈಟಿನ ಜಾಹೀರಾತು ಓದುವವರು. "ಏರ್‌ಪೋರ್ಟಿನಿಂದ ಇಪ್ಪತ್ತೇ ನಿಮಿಷ" ಎಂದು ಬರೆದಿರುತ್ತದೆ. ಅಲ್ಲ, ಏರ್‌ಪೋರ್ಟಿನ ಹತ್ತಿರ ಮನೆ ಮಾಡಿ ನಾವು ದಿನಾ ಎಲ್ಲಿಗೆ ಹಾರಬೇಕು? ಕಲಬುರಗಿಗಾ? ನಮ್ಮಲ್ಲೂ 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಬೀದರಿಗೆ 2020ರಲ್ಲಿ ವಿಮಾನ ಬಂತು. ನಿಂತಿತು. ಮತ್ತೆ ಬಂತು. ಮತ್ತೆ ನಿಂತಿತು. ಮತ್ತೆ ಬಂತು. ಬೀದರಿನವರು ಈಗ ಆಕಾಶದಲ್ಲಿ ಸದ್ದು ಕೇಳಿದರೆ ತಲೆ ಎತ್ತುವುದಿಲ್ಲ. ವಾಯುಪಡೆಯ ತರಬೇತಿ ವಿಮಾನ ಇರಬೇಕು ಅಂದುಕೊಂಡು ಚಹಾ ಮುಂದುವರಿಸುತ್ತಾರೆ.

ರೈಲಿದೆ, ಇಲ್ಲ ಅನ್ನಬಾರದು. 2024ರ ಮಾರ್ಚ್‌ನಲ್ಲಿ ವಂದೇ ಭಾರತ್ ಬಂತು. ಬೆಳಗಿನ ಜಾವ ಹತ್ತಿದರೆ ಮಧ್ಯಾಹ್ನ ಬೆಂಗಳೂರು. ರಾಯಚೂರು ದಾಟಿದ ಮೇಲೆ ಮಂತ್ರಾಲಯ ರೋಡ್, ಗುಂತಕಲ್, ಅನಂತಪುರ, ಧರ್ಮಾವರ ಎಲ್ಲ ನೋಡಿಕೊಂಡು ಆಮೇಲೆ ಮತ್ತೆ ಕರ್ನಾಟಕ. ನಮ್ಮ ರಾಜಧಾನಿಗೆ ಹೋಗುವುದಕ್ಕೆ ಆಂಧ್ರ ಹಾದು ಹೋಗಬೇಕು. ಇದು ಭೂಗೋಳ, ಯಾರದೂ ತಪ್ಪಲ್ಲ. ಆದರೂ ಆ ರೈಲಿನಲ್ಲಿ ಕೂತಾಗ ಬೆಂಗಳೂರಿಗೆ ನಾವು ಯಾಕೆ ಕಾಣುವುದಿಲ್ಲ ಅನ್ನುವುದು ಸ್ವಲ್ಪ ಅರ್ಥವಾಗುತ್ತದೆ.

ಬೆಂಗಳೂರು ಪಕ್ಷದವರು ಮುಖ್ಯವಾಗಿ ಹೇಳುವುದು ನೀರಿನ ಕಾರಣ. ಕಲಬುರಗಿಯಲ್ಲಿ ನಳ ಯಾವಾಗ ಬರುತ್ತದೆ ಎಂದು ಕೊಡ ಹಿಡಿದು ಕಾದು ಸಾಕಾಗಿದೆಯಂತೆ. ಪಾಪ, ನಿಜ. ಆದರೆ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳು ಟ್ಯಾಂಕರ್‌ಗೆ ಕೈಮುಗಿದು ನಿಂತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತ್ತು. ಕೋಟಿ ಕೊಟ್ಟು ಕೊಂಡ ಮನೆಯಲ್ಲಿ ಬಕೆಟ್ ಲೆಕ್ಕ. ಅದೇ ಲೆಕ್ಕವನ್ನು ನಾವು ಇಲ್ಲಿ ಪುಕ್ಕಟೆ ಮಾಡುತ್ತಿದ್ದೆವು.

ಈಗ ನಿಜವಾದ ಮಾತಿಗೆ ಬರೋಣ. ಈ ರಾಜ್ಯದಲ್ಲಿ ಒಬ್ಬ ಅಧಿಕಾರಿ ಫೈಲು ಕಳೆದರೆ, ಸಾಹೇಬರ ಮಾತು ಕೇಳದಿದ್ದರೆ, ಅಥವಾ ತೀರಾ ಪ್ರಾಮಾಣಿಕನಾದರೆ ಏನೆಂದು ಹೆದರಿಸುತ್ತಾರೆ? "ಬೀದರಿಗೆ ಎತ್ತಂಗಡಿ ಮಾಡಿಸ್ತೀನಿ." ಕೇಳಿದವನು ಬೆವರುತ್ತಾನೆ. ಸುತ್ತಲಿದ್ದವರು ನಗುತ್ತಾರೆ. ಸಿನಿಮಾದಲ್ಲೂ ಇದೇ ಜೋಕು, ವಿಧಾನಸೌಧದ ಮೆಟ್ಟಿಲ ಮೇಲೂ ಇದೇ ಜೋಕು. ಸರಿ, ಅವನು ತಪ್ಪು ಮಾಡಿದ, ಬೀದರಿಗೆ ಬಂದ. ನಾವು ಇಲ್ಲೇ ಹುಟ್ಟಿದವರು. ಹುಟ್ಟುವ ಮೊದಲು ಯಾವ ಫೈಲು ಕಳೆದಿದ್ದೆವು?

ಹೀಗೆ ಶಿಕ್ಷೆಗೆ ಬಂದವನು ಪಾಠ ಮಾಡುತ್ತಾನೆ, ರಸ್ತೆ ಮಾಡುತ್ತಾನೆ, ಆಸ್ಪತ್ರೆ ನಡೆಸುತ್ತಾನೆ. ಒಂದು ಕಣ್ಣು ಕೆಲಸದ ಮೇಲೆ, ಇನ್ನೊಂದು ವರ್ಗಾವಣೆ ಕೌನ್ಸೆಲಿಂಗ್ ಮೇಲೆ. ಅವನು ಹೋದ ಮೇಲೆ ಆ ಕುರ್ಚಿ ಖಾಲಿ. ಶಾಲೆಗೆ ಅತಿಥಿ ಶಿಕ್ಷಕರು. ಮೇ ತಿಂಗಳಲ್ಲಿ ಪಟ್ಟಿ. ಪಟ್ಟಿ ನೋಡಿ ಬೆಂಗಳೂರಿನಿಂದ ನೋಟಿಸು. ಏಪ್ರಿಲ್, ಮೇನಲ್ಲಿ ನಮ್ಮ ಕಚೇರಿಗಳು ಬಿಸಿಲಿನ ಕಾರಣಕ್ಕೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಹಾಗಾಗಿ ನೋಟಿಸಿಗೆ ಉತ್ತರ ಬರೆಯುವುದಕ್ಕೂ ಟೈಮ್ ಸಿಗುವುದಿಲ್ಲ.

ಮಜಾ ಏನೆಂದರೆ ಒಂದು ಕಾಲಕ್ಕೆ ಜನ ಊರು ಬದಲಾಯಿಸುತ್ತಿದ್ದದ್ದೇ ಇಲ್ಲಿಗೆ. ರಾಷ್ಟ್ರಕೂಟರು ಇಡೀ ಭೂಪಟದಲ್ಲಿ ಹುಡುಕಿ ರಾಜಧಾನಿ ಮಾಡಿಕೊಂಡಿದ್ದು ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆ. ಒಂಬತ್ತನೇ ಶತಮಾನದಲ್ಲಿ ಸುಲೈಮಾನ್ ಎಂಬ ಅರಬ್ ವ್ಯಾಪಾರಿ ಲೋಕದ ನಾಲ್ಕು ದೊಡ್ಡ ದೊರೆಗಳ ಪಟ್ಟಿ ಕೊಟ್ಟ. ಬಗ್ದಾದ್ ಖಲೀಫ, ಚೀನಾದ ಚಕ್ರವರ್ತಿ, ಕಾನ್‌ಸ್ಟಾಂಟಿನೋಪಲ್ ದೊರೆ, ಮತ್ತೆ ನಮ್ಮ ಮಳಖೇಡದವರು. ಆ ಪಟ್ಟಿಯನ್ನೂ ಮೇಲಿನಿಂದಲೇ ಓದಬಹುದಿತ್ತು. ಆಮೇಲೆ ಚಾಲುಕ್ಯರು ಕಲ್ಯಾಣಕ್ಕೆ ಬಂದರು, ಈಗಿನ ಬಸವಕಲ್ಯಾಣ. 1347ರಲ್ಲಿ ಬಹಮನಿಗಳು ದೌಲತಾಬಾದ್ ಬಿಟ್ಟು ಕಲಬುರಗಿಗೆ ಬಂದರು. ಮುಂದೆ ಅಹಮದ್ ಷಾನಿಗೆ ಇಲ್ಲಿಯ ಬಿಸಿಲು ಹಿಡಿಸಲಿಲ್ಲವೋ ಏನೋ, ಎತ್ತರದ ಬೀದರಿಗೆ ಹೋದ. ಬೇಸಿಗೆ ತಾಳದೆ ಹೊರವಲಯಕ್ಕೆ ಮನೆ ಬದಲಿಸಿದ ಮೊದಲ ಕಲಬುರಗಿಯವನು ಅವನೇ ಇರಬೇಕು.

ಇವರೆಲ್ಲರಿಗಿಂತ ನನಗೆ ಇಷ್ಟವಾಗುವವನು ಮಹಮೂದ್ ಗವಾನ್. ಇರಾನಿನ ಗಿಲಾನ್‌ನವನು. ಗಿಲಾನ್ ಇರುವುದು ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿ. ಅಂದರೆ ಈ ಮನುಷ್ಯ ಮಳೆ, ಹಸಿರು, ಕಡಲು ಎಲ್ಲ ಇದ್ದ ಊರು ಬಿಟ್ಟು ಬೀದರಿಗೆ ಬಂದ! ಯಾರೂ ಎತ್ತಂಗಡಿ ಮಾಡಿರಲಿಲ್ಲ, ತಾನಾಗಿಯೇ ಬಂದ. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ. ದೂರದೂರದಿಂದ ವಿದ್ವಾಂಸರು ಬಂದರು. ಓದಿಗೆಂದು ಕಡಲ ದಂಡೆಯಿಂದ ಬೀದರಿಗೆ ಬರುವ ಕಾಲ ಅದು. ಕಾಕಾಗೆ ಇದನ್ನು ಹೇಳಿದರೆ ನಂಬುವುದಿಲ್ಲ. "ಆಮ್ಯಾಲ ಏನಾಯ್ತು ಅವಂದು?" ಎಂದು ಕೇಳಿದರು. ಹೇಳಲೇಬೇಕಾಯಿತು. 1481ರಲ್ಲಿ ಚಾಡಿಕೋರರ ಮಾತು ಕೇಳಿ ಸುಲ್ತಾನ ಅವನ ತಲೆ ತೆಗೆಸಿದ. "ಮತ್ತ? ನಾ ಹೇಳ್ಲಿಲ್ಲೇನು?" ಎಂದು ಕಾಕಾ ಮಲ್ಪೆ ಫ್ಲ್ಯಾಟಿನ ಫೋಟೊಕ್ಕೆ ಮರಳಿದರು.

ಕಾಕಾ ಇನ್ನೂ ಫೋಟೊ ನೋಡುತ್ತಿದ್ದಾರೆ. ನಮ್ಮ ಜಿಲ್ಲೆಗಳಿಂದ ಎಷ್ಟೋ ಸಂಸಾರಗಳು ಆ ಹೊರವಲಯಕ್ಕೂ ಆ ಕಡಲ ದಂಡೆಗೂ ಎಂದೋ ಹೋಗಿ ಆಗಿದೆ. ಸುಗ್ಗಿ ಕೈಕೊಟ್ಟ ವರ್ಷ ಗುರುಮಠಕಲ್, ಸುರಪುರ, ಚಿಂಚೋಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಗೋಣಿಚೀಲದಲ್ಲಿ ಒಲೆ, ತವೆ, ಹಿಟ್ಟು. ಸೊಂಟದಲ್ಲಿ ಕೂಸು. ಇವರು ಯಾವ ಜಾಹೀರಾತೂ ಓದಲಿಲ್ಲ. ಮೇಸ್ತ್ರಿ ಎಲ್ಲಿಗೆ ಅಡ್ವಾನ್ಸ್ ಕೊಟ್ಟನೋ ಅಲ್ಲಿಗೆ ಹೊರಟರು. ಮುಂಬೈ, ಪುಣೆ, ಗೋವಾ, ಬೆಂಗಳೂರು, ಉಡುಪಿ. ಸೇಡಂನ ಸಿಮೆಂಟು, ಯಾದಗಿರಿಯ ಗಾರೆಯವನು ಇಬ್ಬರೂ ಬೆಂಗಳೂರಿನ ಹದಿನಾಲ್ಕನೇ ಮಹಡಿಯಲ್ಲಿ ಭೇಟಿಯಾಗುತ್ತಾರೆ. ಆಮೇಲೆ ಕಲಬುರಗಿಯ ಡಾಕ್ಟರೊಬ್ಬರು ಸಾಲ ಮಾಡಿ ಆ ಫ್ಲ್ಯಾಟು ಕೊಳ್ಳುತ್ತಾರೆ. ಗಾರೆಯವನ ಮಗಳು ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ. ಕೊನೆಗೆ ಯಾವ ಶಾಲೆಯಲ್ಲೂ ಇಲ್ಲ. ಆ ಮಗು ಯಾವ ಜಿಲ್ಲೆಯ ಪಟ್ಟಿಗೂ ಬರುವುದಿಲ್ಲ, ಮೊದಲಿಗೂ ಇಲ್ಲ, ಕೊನೆಗೂ ಇಲ್ಲ.

ಇವರಿಗೂ ಸಮುದ್ರ ಕಾಣುವ ಮನೆ ಸಿಕ್ಕಿತ್ತು. ಗೋವಾದ ವಾಸ್ಕೊದಲ್ಲಿ ಬೈನಾ ಬೀಚ್ ಇದೆ. ಕೂಲಿಗೆ ಹೋದ ಕನ್ನಡಿಗರು ಅಲ್ಲೇ ಗೂಡು ಕಟ್ಟಿಕೊಂಡಿದ್ದರು. ಬುಲ್ಡೋಜರ್ ಬಂತು, ಹೋಯಿತು, 2017ರಲ್ಲಿ ಮತ್ತೆ ಬಂತು. ಹೊರವಲಯದ ಮನೆಯೂ ಸಿಕ್ಕಿತ್ತು. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಶೆಡ್ಡುಗಳನ್ನು ಕೆಡವಿದರು. ಇವರೆಲ್ಲ ಬಾಂಗ್ಲಾದೇಶದವರು ಅಂದರು. ಆ ಶೆಡ್ಡುಗಳಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಕನ್ನಡ ಮಾತಾಡಿದರೂ ಸಾಲಲಿಲ್ಲ, ಕಾರ್ಡು ತೋರಿಸಿದರೂ ಸಾಲಲಿಲ್ಲ. ಅದು ತಪ್ಪು ಎಂದು ಹೈಕೋರ್ಟ್ ಹೇಳುವ ಹೊತ್ತಿಗೆ ಪಾತ್ರೆಪಗಡ ಮಣ್ಣಾಗಿತ್ತು. ನಮ್ಮದೇ ರಾಜಧಾನಿಯಲ್ಲಿ ನಮ್ಮವನು ತಾನು ಯಾವ ದೇಶದವನು ಎಂದು ಸಾಬೀತು ಮಾಡಬೇಕಾಯಿತು. ಇದರ ಬಗ್ಗೆ ಜೋಕು ಮಾಡಲು ನನಗೆ ಬರುವುದಿಲ್ಲ. ಬೇಜಾರು ಅನ್ನುವುದೂ ಹಳೆಯದಾಯಿತು. ಬಜೆಟ್‌ನಲ್ಲಿ ಈ ಭಾಗದ ಅಭಿವೃದ್ಧಿ ಮಂಡಳಿಗೆ 5,000 ಕೋಟಿ ಎಂದು ಓದುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ, ಆ ಬಸ್ಸು ಅದೇ ಟೈಮಿಗೆ ಅದೇ ಜನರನ್ನು ತುಂಬಿಕೊಂಡು ಹೊರಡುತ್ತದೆ.

ಕಾಕಾರ ಮನೆ ಮೇಲಿನ ಎರಡು ರೂಮು ಸದ್ಯ ಬಾಡಿಗೆಗಿದೆ. ಹೋದ ವಾರ ಒಬ್ಬ ಸಾಹೇಬರು ನೋಡಲು ಬಂದಿದ್ದರು. ದಕ್ಷಿಣದವರು, ಈ ಭಾಗದ ಅಭಿವೃದ್ಧಿಗೆಂದೇ ಹೊಸದಾಗಿ ಹಾಕಿದ್ದಾರಂತೆ. ಕೂಲರ್ ಇದೆಯಾ ಕೇಳಿದರು, ಬೋರ್‌ವೆಲ್ ನೀರು ಇದೆಯಾ ಕೇಳಿದರು, ಆರು ತಿಂಗಳಿಗಿಂತ ಜಾಸ್ತಿ ಕರಾರು ಬೇಡ ಅಂದರು. ಕಾಕಾ ಚಹಾ ಕೊಟ್ಟು, ಮರ್ಯಾದೆಯಿಂದ, "ಫ್ಯಾಮಿಲಿ ಯಾವಾಗ ಬರ್ತಾರ್ರೀ ಸಾಹೇಬ್ರ?" ಎಂದರು.

ಸಾಹೇಬರು ಲೋಟ ಕೆಳಗಿಟ್ಟರು. "ಇಲ್ಲಿಗಾ?"