ಪೆಟ್ಟಿಗೆ ಹೊತ್ತು ಊರೂರು ತಿರುಗಿದ ಓಗುಂಡೆ

ನೈಜೀರಿಯಾದ ಲಾಗೋಸ್‌ಗೆ ಬಂದ ಹೊಸದರಲ್ಲಿ ಊರಿನ ಗೆಳೆಯರು ಯಾರಾದರೂ ಹ್ಯೂಬರ್ಟ್ ಓಗುಂಡೆ ಅಂದ್ರೆ ಯಾರು ಅಂತ ಕೇಳಿದರೆ, "ಇಲ್ಲಿಯ ಗುಬ್ಬಿ ವೀರಣ್ಣ ಕಣ್ರೋ" ಅಂದುಬಿಡುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಆ ಹೋಲಿಕೆ ಅರ್ಧ ದಾರಿವರೆಗೆ ಚೆನ್ನಾಗಿ ಜೊತೆಗೆ ಬರುತ್ತದೆ, ಆಮೇಲೆ ಕೈಕೊಡುತ್ತದೆ.

ಓಗುಂಡೆ ಹುಟ್ಟಿದ್ದು 1916ರಲ್ಲಿ, ಇಜೆಬು-ಒಡೆ ಹತ್ತಿರದ ಒಸೋಸಾ ಅನ್ನೋ ಊರಲ್ಲಿ. ಮೊದಲು ಮೇಷ್ಟ್ರಾಗಿದ್ದರು, ಆಮೇಲೆ ಪೊಲೀಸ್. 1944ರಲ್ಲಿ ಒಂದು ಚರ್ಚಿಗಾಗಿ ಹಾಡಿನ ನಾಟಕ ಮಾಡಿದರು, ಜನ ಮುಗಿಬಿದ್ದರು. ಸ್ವಲ್ಪ ಕಾಲಕ್ಕೇ ಪೊಲೀಸ್ ಕೆಲಸ ಬಿಟ್ಟು ಸ್ವಂತ ಕಂಪನಿ ಕಟ್ಟಿಕೊಂಡು ಹೊರಟರು. ಹಾಡು, ಕುಣಿತ, ಡೋಲು, ತಮ್ಮ ಯೊರುಬಾ ಜನರ ಮಾತು, ಊರಿಂದೂರಿಗೆ ಪಯಣ. ಇಷ್ಟು ಓದಿದರೆ ನಮ್ಮವರಿಗೆ ಎಲ್ಲವೂ ಗೊತ್ತಿರುವ ಕಥೆಯೇ, ಅಲ್ವಾ?

ಹೆಂಗಸರ ವಿಷಯವೂ ಹಾಗೇ. ನಟಿಯರು ಕಂಪನಿಗೆ ಸೇರುತ್ತಿದ್ದರು, ಮದುವೆಯಾಗಿ ಬಿಟ್ಟು ಹೋಗುತ್ತಿದ್ದರು. ಓಗುಂಡೆ ಕಂಡುಕೊಂಡ ದಾರಿ ಅಂದರೆ ತಾವೇ ಅವರನ್ನು ಮದುವೆಯಾಗುವುದು! ಹೀಗೆ ಹತ್ತಕ್ಕೂ ಹೆಚ್ಚು ಹೆಂಡತಿಯರಾದರು. ಇಲ್ಲಿ ಇದನ್ನು ನಗುತ್ತಾ ಹೇಳುತ್ತಾರೆ, ನನಗೆ ಅಷ್ಟು ನಗು ಬರುವುದಿಲ್ಲ. ನಮ್ಮಲ್ಲೂ ವೀರಣ್ಣನವರ ರಂಗದ ದೊಡ್ಡ ನಟಿ ಬಿ. ಜಯಮ್ಮ ವೀರಣ್ಣನವರ ಪತ್ನಿಯೇ ಆಗಿದ್ದರು ಅನ್ನೋದು ನೆನಪಾಗಿ ಸುಮ್ನಾಗುತ್ತೇನೆ.

ಬೇರೆಯಾಗುವುದು ನಾಟಕದ ವಸ್ತುವಿನಲ್ಲಿ. ವೀರಣ್ಣನವರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ಬರುತ್ತಿದ್ದವು. ಓಗುಂಡೆಯವರ ರಂಗಕ್ಕೆ ಹಿಂದಿನ ದಿನದ ಸುದ್ದಿಯೇ ಬರುತ್ತಿತ್ತು. 1945ರಲ್ಲಿ ದೊಡ್ಡ ಮುಷ್ಕರ ನಡೆದಾಗ ಅದೇ ವರ್ಷ ಮುಷ್ಕರ ಮತ್ತು ಹಸಿವಿನ ಮೇಲೆ ನಾಟಕ ಆಡಿದರು. 1949ರಲ್ಲಿ ಎನುಗು ಊರಿನ ಕಲ್ಲಿದ್ದಲು ಗಣಿಯಲ್ಲಿ ಬ್ರಿಟಿಷ್ ಸರ್ಕಾರದ ಪೊಲೀಸರು ಗುಂಡು ಹಾರಿಸಿ 21 ಕಾರ್ಮಿಕರು ಸತ್ತರು, ಮರುವರ್ಷವೇ ಅದೂ ನಾಟಕವಾಯಿತು. ಸರಿ, ಬ್ರಿಟಿಷರು ಹೋದ ಮೇಲಾದರೂ ತಣ್ಣಗಾದರಾ ಅಂದರೆ ಅದೂ ಇಲ್ಲ. 1964ರಲ್ಲಿ ತಮ್ಮ ಜನದ ನಾಯಕರೇ ಒಬ್ಬರಿಗೊಬ್ಬರು ಕಚ್ಚಾಡುತ್ತಿದ್ದಾಗ 'ಯೊರುಬಾ ರೋನು' ಆಡಿದರು. ಯೊರುಬರೇ, ಯೋಚನೆ ಮಾಡಿ, ಅಂತ ಅರ್ಥ. ಪಶ್ಚಿಮ ಪ್ರಾಂತ್ಯದ ಅಕಿಂಟೋಲಾ ಸರ್ಕಾರ ಇಡೀ ಕಂಪನಿಯನ್ನೇ ನಿಷೇಧಿಸಿತು. 1966ರಲ್ಲಿ ಸೈನ್ಯದವರು ಅಧಿಕಾರಕ್ಕೆ ಬಂದ ಮೇಲಷ್ಟೇ ಅದು ತೆರವಾಯಿತು. ಇಷ್ಟು ಧೈರ್ಯದ ಕಂಪನಿ ನಾಟಕ ನಮ್ಮಲ್ಲಿ ಎಷ್ಟಿದ್ದವು? ಬೇಜಾರಾದರೂ ಕೇಳಲೇಬೇಕು.

ಇನ್ನು ಸಿನಿಮಾ. ನಮ್ಮಲ್ಲಿ ಅದು ಬಂದಾಗ ಕಂಪನಿಗಳು ಸೊರಗಿದವು, ನಟರು ಮದ್ರಾಸಿನ ರೈಲು ಹತ್ತಿದರು. ವೀರಣ್ಣನವರು ಮೂಕಿ ಕಾಲದಿಂದಲೇ ಸಿನಿಮಾಕ್ಕೆ ದುಡ್ಡು ಹಾಕಿದವರು, ಅದನ್ನು ಮರೆಯಬಾರದು. ಆದರೂ 1954ರ 'ಬೇಡರ ಕಣ್ಣಪ್ಪ'ಕ್ಕೆ ಎವಿಎಂ ಜೊತೆ ಕೈಜೋಡಿಸಬೇಕಾಯಿತು. ಓಗುಂಡೆ ತಮ್ಮ ಕಂಪನಿಯನ್ನೇ ಸಿನಿಮಾದೊಳಕ್ಕೆ ಕರೆದುಕೊಂಡು ಹೋದರು. 1979ರ 'ಅಯೆ'ಯನ್ನು ನಿರ್ದೇಶಿಸಿದ್ದು ಪ್ಯಾರಿಸಿನಲ್ಲಿ ಓದಿ ಬಂದ ಓಲಾ ಬಾಲೊಗುನ್. ಉಳಿದದ್ದೆಲ್ಲ ಓಗುಂಡೆಯವರದ್ದು: ಕಥೆ, ದುಡ್ಡು, ನಟರು, ಮಾಟಗಾತಿಯರ ಜೊತೆ ಹೋರಾಡುವ ನಾಟಿ ವೈದ್ಯನ ಪಾತ್ರವೂ. ಆಗ 63 ವರ್ಷ!

ತೋರಿಸಿದ ರೀತಿ ನನಗೆ ಇನ್ನೂ ಜಾಸ್ತಿ ಇಷ್ಟ. ಥಿಯೇಟರು, ಹಂಚಿಕೆ ಎಲ್ಲ ಹೊರಗಿನವರ ಕೈಯಲ್ಲಿತ್ತು. ಹಾಗಾಗಿ ಈ ಕಂಪನಿಯವರು ನಾಟಕದ ಸಾಮಾನು ಹೊರುತ್ತಿದ್ದ ಹಾಗೇ ರೀಲಿನ ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಊರಿನ ಹಾಲ್‌ನಲ್ಲಿ ತೋರಿಸಿ, ತಾವೇ ಟಿಕೆಟ್ ಮಾರಿ, ಮತ್ತೆ ಪೆಟ್ಟಿಗೆ ಹೊತ್ತು ಮುಂದಿನ ಊರಿಗೆ ಹೊರಡುತ್ತಿದ್ದರು. ಪೆಟ್ಟಿಗೆ ಬಿಟ್ಟು ಕದಲುತ್ತಿರಲಿಲ್ಲ. ಈ ಜಾಗ್ರತೆ ಅತಿಯಾಯಿತು ಅನ್ನುವವರು ಹಾಸ್ಯನಟ ಬಾಬಾ ಸಾಲಾ ಕಥೆ ಕೇಳಬೇಕು. 1982ರ ಅವರ ಚಿತ್ರದ ಕಳ್ಳ ಕ್ಯಾಸೆಟ್ ಹೊರಗೆ ಬಂತು, ಮನುಷ್ಯ ಸಾಲದಲ್ಲಿ ಮುಳುಗಿಹೋದರು.

ಓಗುಂಡೆ 1990ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಹಳಬರಿಗೆ ಈಗಲೂ 'ಬಾಬಾ ಓಗುಂಡೆ'.

ನಮ್ಮ ಆಫೀಸಿನಲ್ಲಿ ನಿವೃತ್ತಿಗೆ ಹತ್ತಿರವಿರುವ ಹಿರಿಯರೊಬ್ಬರಿದ್ದಾರೆ. ಚಿಕ್ಕವರಿದ್ದಾಗ 'ಅಯೆ'ಯನ್ನು ಶಾಲೆಯ ಹಾಲಿನಲ್ಲಿ ನೋಡಿದ್ದರಂತೆ, ರಾತ್ರಿ ಒಬ್ಬರೇ ಮನೆಗೆ ಹೋಗೋಕೆ ಹೆದರಿಕೊಂಡು ಯಾರದೋ ಷರಟು ಹಿಡಿದುಕೊಂಡು ನಡೆದರಂತೆ. "ನಿಮ್ಮೂರಲ್ಲಿ ಥಿಯೇಟರ್ ಇರಲಿಲ್ವಾ?" ಅಂತ ಕೇಳಿದೆ.

"ಇತ್ತಲ್ಲ ಓಗಾ," ಅಂದರು, ನಾವು ಸಾರ್ ಅನ್ನೋ ಹಾಗೆ. "ಅಲ್ಲಿ ನಿಮ್ಮ ಹಿಂದಿ ಪಿಕ್ಚರ್ ಓಡ್ತಾ ಇತ್ತು."